ಇಲ್ಲದ್ದರ ತೂಕ

ಇಲ್ಲಿಯವರು ಆ ಹಾವಿಗೆ ಇಟ್ಟ ಹೆಸರು ಮಖಮಲ್ಲು.
ಕೋಸ್ಟರಿಕದ ಅನಾನಸ್ ತೋಟಗಳಲ್ಲಿ, ಕೊಯ್ಲಿನ ಹೊತ್ತು,
ಮುಳ್ಳೆಲೆಯ ಬುಡಕ್ಕೆ ಕೈ ಹಾಕಿದವರಿಗೆ
ಒಮ್ಮೆ ಮಾತ್ರ ಗೊತ್ತಾಗುತ್ತದೆ ಅದರ ನುಣುಪು.

ಎವೆಲಿಯೊ ಅದರ ತಲೆಯನ್ನು ಮೂರು ಬೆರಳಲ್ಲಿ ಹಿಡಿದು
ಗಾಜಿನ ಬಟ್ಟಲ ಅಂಚನ್ನು ಕಚ್ಚಿಸುತ್ತಾನೆ.
ಹಾವಿಗೆ ಹಾಲೆರೆದವರ ಕಥೆ ಲೋಕದಲ್ಲಿ ಬೇಕಾದಷ್ಟು;
ನಾವು ಹಾವನ್ನೇ ಕರೆಯುವವರು.
ನಾಲ್ಕು ಹನಿ, ಐದು ಹನಿ, ಜೇನಿನ ಬಣ್ಣ.
ಒಣಗಿದರೆ ಥೇಟು ಕಲ್ಲುಸಕ್ಕರೆಯ ಪುಡಿ.

ನಾನು ಒತೀಲಿಯಾ. ಲಾಯದವಳು.
ನನ್ನ ಕೆಲಸ ಕುದುರೆಯ ಕತ್ತು ಸವರುವುದು,
ಸೂಜಿ ಇಳಿಯುವಾಗ ಅದರ ಕಿವಿಯಲ್ಲಿ
ಏನಾದರೂ ಹೇಳುತ್ತಿರುವುದು.
ಮೊದಲ ವಾರ ಸಾಸಿವೆಯಷ್ಟು ವಿಷ, ಆಮೇಲೆ ಮೆಣಸಿನಕಾಳಿನಷ್ಟು.
ಕನೇಲಾ, ಚಕ್ಕೆಯ ಬಣ್ಣದ ಹೆಣ್ಣು ಕುದುರೆ,
ಎರಡು ದಿನ ಮೇವು ಮುಟ್ಟುವುದಿಲ್ಲ.
ಕತ್ತಿನ ಮೇಲೆ ಮೊಟ್ಟೆಯ ಗಾತ್ರದ ಬಾವು.
ಯಾರನ್ನೂ ಕಚ್ಚಿದವಳಲ್ಲ,
ಯಾವ ಹಾವಿನ ಬಾಲವನ್ನೂ ತುಳಿದವಳಲ್ಲ.

ಪಾದ್ರಿ ಕ್ರಿಸಾಂತೊ ಭಾನುವಾರ ಹೇಳಿದರು:
ಕೆಡುಕು ಅನ್ನುವುದು ಒಂದು ವಸ್ತುವಲ್ಲ, ಮಕ್ಕಳೇ,
ಒಳಿತು ಇಲ್ಲದ ಜಾಗ, ಅಷ್ಟೆ;
ದೀಪ ಒಯ್ಯದ ಕೋಣೆಯಲ್ಲಿ ಕತ್ತಲೆ ಇದ್ದ ಹಾಗೆ.
ನಾನು ಹಿಂದಿನ ಬೆಂಚಿನಲ್ಲಿ ಕೂತು
ನಮ್ಮ ಪುಟ್ಟ ತಕ್ಕಡಿಯನ್ನು ನೆನೆಯುತ್ತಿದ್ದೆ.
ನಾಲ್ಕು ಹನಿಗೂ ಒಂದು ತೂಕವಿದೆ,
ತಾರೀಖು ಹಾಕಿ ಬರೆದಿಡುತ್ತೇವೆ.
ಇಲ್ಲದ್ದು ತೂಗುತ್ತದೆಯೇ, ಫಾದರ್?
ಕೇಳಲಿಲ್ಲ. ಮಳೆ ಬರುವ ಹಾಗಿತ್ತು,
ಲಾಯದ ಕಿಟಕಿ ತೆರೆದಿಟ್ಟು ಬಂದಿದ್ದೆ.

ಮನೆಯ ದಾರಿಯಲ್ಲಿ ನನಗೇ ಅನುಮಾನ:
ಹಾವಿನ ಬಾಯಲ್ಲಿ ಅದು ವಿಷವೂ ಅಲ್ಲ, ಬರೀ ಜೊಲ್ಲು.
ಇಲಿ ಅರಗಬೇಕಲ್ಲ.

ಅಕ್ಟೋಬರಿನಲ್ಲಿ ನಿವಾರ್ದೊನ ಮೊಣಕೈಗೆ ಕಚ್ಚಿತು.
ಕನೇಲಾಳ ರಕ್ತದ ತಿಳಿ, ಹತ್ತು ಸೀಸೆ.
ಮೂರನೆಯ ದಿನ ಎದ್ದು ಕೂತು ಸಾರು ಕುಡಿದ.
ಆಮೇಲೆ ಒಂದು ಮೂಟೆ ಗಜ್ಜರಿ ಹೊತ್ತು ತಂದು
ಕುದುರೆಯ ಹಣೆಗೆ ಹಣೆ ಇಟ್ಟು ಅತ್ತ.
ಆ ಅಳು ಸುಳ್ಳಲ್ಲ. ನಾನು ಪಕ್ಕದಲ್ಲೇ ಇದ್ದೆ.

ಮರುವಾರ ಬಂದವಳು ದೊಮಿತಿಲಾ, ಅವನ ಹೆಂಡತಿ.
ಬೇಲಿಯ ಆಚೆಗೇ ನಿಂತಳು.
ಒಂದು ಕಣ್ಣು ಊದಿ ಮುಚ್ಚಿತ್ತು, ಹೊಸ ಪೆಟ್ಟು.
‘ಹನ್ನೊಂದು ವರ್ಷ ಮೇಣದ ಬತ್ತಿ ಹಚ್ಚಿದೆ,’ ಅಂದಳು,
‘ಕೊನೆಗೆ ದೇವರಿಗೆ ಕಿವಿ ಬಂತು,
ಉತ್ತರ ಹೊಟ್ಟೆಯ ಮೇಲೆ ಹರಿದು ಬಂತು.
ನೀನ್ಯಾಕೆ ಅಡ್ಡ ಬಂದೆ?’
ಕೇಳಿದ್ದು ನನ್ನನ್ನಲ್ಲ.
ಕನೇಲಾ ಆಕೆಯ ಅಂಗೈ ನೆಕ್ಕಿದಳು, ಬೆವರಿನ ಉಪ್ಪಿಗಾಗಿ.
ದೊಮಿತಿಲಾ ಕೈ ಹಿಂದಕ್ಕೆ ತೆಗೆಯಲಿಲ್ಲ.

ರಕ್ತ ತೆಗೆದ ರಾತ್ರಿ ಚೀಲಗಳನ್ನು
ತಂಪಿನ ಕೋಣೆಯಲ್ಲಿ ತೂಗುಹಾಕುತ್ತೇವೆ.
ಕೆಂಪು ತಳಕ್ಕಿಳಿಯುತ್ತದೆ, ಹಳದಿ ಮೇಲೆ ನಿಲ್ಲುತ್ತದೆ,
ನಡುವೆ ಯಾರೋ ದಾರ ಕಟ್ಟಿದ ಹಾಗೆ ಒಂದು ಗೆರೆ.
ಹಳದಿ ಸೀಸೆಗೆ. ಕೆಂಪು ಮತ್ತೆ ಕುದುರೆಗೇ.
ಎಲ್ಲವೂ ಹೀಗೆ ಒಂದು ರಾತ್ರಿ ಅಲುಗದೆ ತೂಗಿದರೆ
ಬೇರೆ ಬೇರೆಯಾದೀತು ಅಂತ ನನಗೂ ಆಸೆ ಇತ್ತು.
ನಿವಾರ್ದೊನನ್ನು ಯಾವ ಮೊಳೆಗೆ ನೇತುಹಾಕಲಿ?
ದೊಮಿತಿಲಾಳ ಬತ್ತಿಯನ್ನು?
ಅವಳೀಗ ಲಾಯದ ಅಟ್ಟದ ಮೇಲೆ, ಒಣಹುಲ್ಲಿನಲ್ಲಿ ಮಲಗುತ್ತಾಳೆ.
ಏಣಿ ನಾನೇ ಎತ್ತಿಡುತ್ತೇನೆ.
ಪಾದ್ರಿಗಳಿಗೆ ಹೇಳಿಲ್ಲ.

ನಾಳೆ ಮಂಗಳವಾರ, ಮೆಣಸಿನಕಾಳಿನ ಸರದಿ.
ಕತ್ತಲಲ್ಲೇ ನನ್ನ ಬೂಟಿನ ಸಪ್ಪಳ ಗುರುತಿಸಿ
ಕನೇಲಾ ಬಾಗಿಲಿಗೆ ಬರುತ್ತಾಳೆ, ಕತ್ತು ಚಾಚಿ,
ಕೈಯಲ್ಲಿನ ಸೂಜಿ ನೋಡಿಯೂ.
ಯಾಕೆ ಬರುತ್ತೀಯೆ, ಮಾರಾಯ್ತಿ,
ಒಂದು ದಿನವಾದರೂ ಒದೆಯಬಾರದೆ.